ಇಬ್ಬರೇ ಸೇರಿ ಪ್ರಾಗ್ ಮೆಟಲ್ ಆಲ್ಬಮ್ ಮಾಡಿದ ನಮ್ಮ ಕಥೆ

ಪ್ರಾಗ್ ಅಂದರೆ ಪ್ರೋಗ್ರೆಸಿವ್, ತಾಳದ ಲೆಕ್ಕದಲ್ಲಿ ಆಟ ಆಡುವ ಮೆಟಲ್. ಆದರೂ ನಿಮ್ಮದು ಮೆಟಲ್ಲಾ, ಫ್ಯೂಶನ್ನಾ, ದೊಡ್ಡಾಟದ ಪದಾನಾ ಅಂತ ಆಲ್ಬಮ್ ಕೇಳಿದವರೆಲ್ಲ ಕೇಳುತ್ತಿದ್ದಾರೆ. ಅದಕ್ಕೊಂದು ಹೆಸರು ನಾವೂ ಇಟ್ಟಿಲ್ಲ. ನಾನು ಗಿಟಾರು, ಬೇಸು. ದೋಸ್ತ ಡ್ರಮ್ಸು, ಹಾಡು. ಬಳ್ಳಾರಿಯಲ್ಲಿ ನಮ್ಮ ಮನೆ ಮಾಳಿಗೆ ಮೇಲಿನ ರೂಮೇ ಸ್ಟುಡಿಯೋ.

ಎಲ್ಲ ಶುರುವಾಗಿದ್ದು ತಾಳದಿಂದ. ದೋಸ್ತ ಅವನ ಊರಿನ ದೊಡ್ಡಾಟದ ಮದ್ದಲೆ ಕೇಳುತ್ತಾ ಬೆಳೆದವನು. ಏಳರ ತಾಳ ಬಂದರೆ ಒಂದು ಎರಡು ಅಂತ ಎಣಿಸುವುದೇ ಇಲ್ಲ, ತಕಿಟ ತಕ ದಿಮಿ ಅಂತ ಬಾಯಲ್ಲೇ ಹೇಳಿಬಿಡುತ್ತಾನೆ. ಮೂರು, ಎರಡು, ಎರಡು. ಆ ಏಳಕ್ಕೆ ನಾನು ರಿಫ್, ಅಂದರೆ ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು, ಕಟ್ಟಿದೆ. ಅವನು ಡ್ರಮ್ಸನ್ನು ಮಾತ್ರ ನಾಲ್ಕಕ್ಕೇ ಇಟ್ಟ. ಏಳ್ನಾಲ್ಕ್ಲೆ 28 ಅಲ್ವಾ, ಆ 28 ಎಣಿಕೆ ಮುಗಿದ ಮೇಲೆಯೇ ಇಬ್ಬರೂ ಮತ್ತೆ ಒಟ್ಟಿಗೆ ಒಂದರ ಮೇಲೆ ಬೀಳುತ್ತೇವೆ. ಮಧ್ಯದಲ್ಲಿ ಕೇಳುವವರಿಗೆ ಏನೋ ಜಾರಿದ ಹಾಗೆ ಅನಿಸುತ್ತದೆ, ತಲೆ ಮಾತ್ರ ಆರಾಮಾಗಿ ನಾಲ್ಕಕ್ಕೇ ಆಡುತ್ತಿರುತ್ತದೆ.

ರಿಫ್ ಮೇಲೊಂದು ಕೊಳಲು ಇಟ್ಟು ಜಾನಪದ ಮೆಟಲ್ ಅನ್ನುವುದು ನನಗೆ ಒಗ್ಗುವುದಿಲ್ಲ. ನಮ್ಮ ಆಲ್ಬಮ್‌ನಲ್ಲಿ ಮದ್ದಲೆಯ ಸದ್ದು ಎಲ್ಲೂ ಇಲ್ಲ, ಅದರ ಲೆಕ್ಕ ಇದೆ. ದೋಸ್ತ ಕಿರುಚುವುದೂ ಕಡಿಮೆ. ಮೈಕಿಲ್ಲದೆ ಕೊನೇ ಸಾಲಿನವರಿಗೂ ಮುಟ್ಟಿಸುವ ದೊಡ್ಡಾಟದ ದನಿ ಇದೆಯಲ್ಲ, ಎದೆಯಿಂದ ಎಳೆದು ಹಾಡುವುದು, ಅದನ್ನೇ ಹಿಡಿದ. ಎರಡನೇ ಹಾಡಿನಲ್ಲಿ ನಾನು ಸೋಲೋ ತುರುಕಲು ಹೋದಾಗ, "ಏ ದೋಸ್ತ, ಇಲ್ಲಿ ಏನೂ ಬಾರಿಸಬ್ಯಾಡ, ಸುಮ್ನೆ ಬಿಡು" ಅಂದ. ಈಗ ಅಲ್ಲಿ ಬರೀ ಬೇಸಿದೆ, ಆಲ್ಬಮ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಅದೇ.

ಸ್ಟುಡಿಯೋ ರೂಮಿನಲ್ಲಿ ಸದ್ದು ಗೋಡೆಗೆ ಬಡಿದು ಮಾರ್ದನಿಸಬಾರದಲ್ಲ, ಅದರ ಖರ್ಚು ಕಡಿಮೆ ಆಗಿದ್ದು ನಮ್ಮೂರಿನ ಜೀನ್ಸ್ ಯೂನಿಟ್‌ಗಳಿಂದ. ಪ್ಯಾಂಟು ಕತ್ತರಿಸಿ ಉಳಿದ ಚಿಂದಿಯನ್ನು ಮೂಟೆಗಟ್ಟಲೆ ತಂದೆವು. ಅರ್ಧ ಅಡಿ ದಪ್ಪದ ಮರದ ಚೌಕಟ್ಟು ಮಾಡಿಸಿ, ಚಿಂದಿ ತುಂಬಿ, ಮುಂದೆ ತೆಳು ಕಾಟನ್ ಬಟ್ಟೆ ಹೊಡೆದೆವು. ಎಲ್ಲಿ ನೇತು ಹಾಕಬೇಕು ಅನ್ನುವುದಕ್ಕೆ ಕನ್ನಡಿ ಸಾಕು. ಒಬ್ಬ ಕುರ್ಚಿಯಲ್ಲಿ ಕೂರಬೇಕು, ಇನ್ನೊಬ್ಬ ಗೋಡೆಗುಂಟ ಕನ್ನಡಿ ಸರಿಸುತ್ತಾ ಹೋಗಬೇಕು, ಕೂತವನಿಗೆ ಕನ್ನಡಿಯಲ್ಲಿ ಎಲ್ಲಿ ಸ್ಪೀಕರ್ ಕಾಣುತ್ತದೋ ಅಲ್ಲಿಗೆ ಒಂದು ಚೌಕಟ್ಟು. ಉಳಿದವು ಮೂಲೆಗಳಿಗೆ. ಮೊಟ್ಟೆ ಟ್ರೇ ಅಂಟಿಸಿಕೊಂಡವರನ್ನು ಈಗಲೂ ನೋಡುತ್ತೇನೆ, ದುಡ್ಡು ದಂಡ. ಆದರೆ ನನ್ನ ಏಳು ತಂತಿಯ ಗಿಟಾರಿನ ತೀರಾ ದಪ್ಪ ತಂತಿ 55 ಹರ್ಟ್ಜ್‌ನ 'ಎ'. ಅದರ ಅಲೆಯ ಉದ್ದವೇ ಆರು ಮೀಟರಿಗೂ ಹೆಚ್ಚು, ಅದಕ್ಕೆ ಈ ಚಿಂದಿ ಯಾವ ಲೆಕ್ಕ? ಹಾಗಾಗಿ ತೀರಾ ಕೆಳಗಿನ ಸದ್ದನ್ನೆಲ್ಲ ಹೆಡ್‌ಫೋನಿನಲ್ಲೇ ತೂಗಿ ನೋಡಿದೆವು.

ಡ್ರಮ್ಸು ಎಲೆಕ್ಟ್ರಾನಿಕ್ ಪ್ಯಾಡಿನಲ್ಲಿ, ಮಿಡಿ ರೆಕಾರ್ಡಿಂಗ್, ಅಂದರೆ ಸದ್ದಲ್ಲ, ಯಾವ ಪೆಟ್ಟು ಯಾವಾಗ ಬಿತ್ತು ಅನ್ನುವುದಷ್ಟೇ ದಾಖಲು. ಪಕ್ಕದ ಮನೆ ಅಕ್ಕ ಬೈಯಲಿಲ್ಲ. ಗಿಟಾರು ನೇರ ಕಂಪ್ಯೂಟರಿಗೆ ಸದ್ದು ಕೊಡುವ ಇಂಟರ್‌ಫೇಸ್ ಡಬ್ಬಿಗೆ, ಆಂಪ್ ಸದ್ದು ಆಮೇಲೆ ಸಾಫ್ಟ್‌ವೇರಿನಲ್ಲಿ. ಎಡಕ್ಕೊಂದು, ಬಲಕ್ಕೊಂದು ಗಿಟಾರು ಬೇಕಾದರೆ ಎರಡು ಸಲ ನುಡಿಸಲೇಬೇಕು. ಒಂದೇ ಟೇಕನ್ನು ಕಾಪಿ ಹೊಡೆದು ಎರಡೂ ಕಡೆ ಇಟ್ಟರೆ ಸದ್ದು ನಡುವಿನಲ್ಲೇ ಕೂರುತ್ತದೆ, ಅಗಲ ಆಗುವುದಿಲ್ಲ. ಡಿಸ್ಟಾರ್ಷನ್ನೂ ಸ್ಟೇಜಿಗಿಂತ ಕಡಿಮೆ ಇಡಿ, ಎರಡು ಗಿಟಾರು ಸೇರಿದಾಗ ತಾನೇ ದಪ್ಪ ಆಗುತ್ತದೆ. ಹಾಡು ಮಾತ್ರ ಬೆಳಗಿನ ಜಾವ, ಯಾಕೆಂದರೆ ಫ್ಯಾನು ಆಫ್ ಮಾಡಬೇಕು. ಮೇ ತಿಂಗಳ ಬಳ್ಳಾರಿಯಲ್ಲಿ ಮಧ್ಯಾಹ್ನ ಫ್ಯಾನು ಆಫ್ ಮಾಡಿ ಹಾಡು ಅಂತ ಯಾರಿಗಾದರೂ ಹೇಳೋಕಾಗುತ್ತಾ!

ಮಾಸ್ಟರಿಂಗ್‌ನಲ್ಲಿ (ಹಾಡಿಗೆ ಕೊನೆಯ ಹದ ಕೊಡುವುದು) ಸದ್ದು ಜೋರಾಗಲಿ ಅಂತ ಜಾಸ್ತಿ ಹಿಂಡಲಿಲ್ಲ. ಜೋರಾಗಿರುವ ಹಾಡನ್ನು ಸ್ಪಾಟಿಫೈ ಹೇಗೂ ಸುಮಾರು -14 ಲಫ್ಸ್‌ಗೆ (ಸದ್ದಿನ ಜೋರು ಅಳೆಯುವ ಮಾನ) ಇಳಿಸಿಯೇ ಕೇಳಿಸುತ್ತದೆ.

ಇಬ್ಬರೇ ಸ್ಟೇಜಿನಲ್ಲಿ ಹೇಗೆ ಅಂತ ಗಂಗಾವತಿಯಿಂದ ಒಬ್ಬ ತಮ್ಮ ಕೇಳಿದ್ದ. ಲ್ಯಾಪ್‌ಟಾಪಿನ ಎಡ ಚಾನೆಲ್ಲಿಗೆ ಬೇಸು ಟ್ರ್ಯಾಕು, ಅದು ಮಿಕ್ಸರಿಗೆ. ಬಲಕ್ಕೆ ಬರೀ ತಾಳ ಹಿಡಿಯುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್ಕು, ಅದು ದೋಸ್ತನ ಕಿವಿಗೆ. ಸೌಂಡ್‌ನವರಿಗೆ ಮೊದಲೇ ಹೇಳಿಡಿ, ಇಲ್ಲಾಂದ್ರೆ ಎರಡನ್ನೂ ಸೇರಿಸಿ ಜನರಿಗೆ ಕ್ಲಿಕ್ಕೂ ಕೇಳಿಸಿಬಿಡುತ್ತಾರೆ.