ನಂದಿ ಬೆಟ್ಟದ ಪ್ಲ್ಯಾನ್ ಕ್ಯಾನ್ಸಲ್ ಆಯ್ತಾ? ಲಾಲ್‌ಬಾಗ್‌ಗೆ ಹೋಗಿ

ಬೆಳಗ್ಗೆ ನಾಲ್ಕಕ್ಕೆ ಎದ್ದು ರೆಡಿಯಾಗಿ ಕೂತಿರ್ತೀರ, ಆಗ ಗ್ರೂಪಲ್ಲಿ "ಸಾರಿ ಮಗಾ, ಆಗ್ತಿಲ್ಲ" ಅಂತ ಮೆಸೇಜ್ ಬರುತ್ತೆ. ಬೈಕೊಳ್ಳಿ, ತಪ್ಪಿಲ್ಲ, ಆದ್ರೆ ವಾಪಸ್ ಮಲಗ್ಬೇಡಿ, ಮಲಗಿದ್ರೆ ಹನ್ನೊಂದಕ್ಕೆ ಎದ್ದು ಇಡೀ ದಿನ ರೀಲ್ಸ್ ನೋಡ್ಕೊಂಡೇ ಮುಗಿಯುತ್ತೆ.

ಇನ್ನೊಬ್ರನ್ನ ಕರೆಯೋಕೂ ಹೋಗ್ಬೇಡಿ. ಮತ್ತೆ ಅವರಿಗೆ ಕಾಯ್ಬೇಕು, ಅದೇ ಗೋಳು.

ಒಬ್ರೇ ಹೊರಡಿ. ಗ್ರೀನ್ ಲೈನ್ ಮೆಟ್ರೋದಲ್ಲಿ ಲಾಲ್‌ಬಾಗ್ ಸ್ಟೇಷನ್‌ನಲ್ಲಿ ಇಳಿದ್ರೆ ವೆಸ್ಟ್ ಗೇಟ್ ಹತ್ರಾನೇ. ಗಾಜಿನ ಮನೆ ಮುಂದೆ ಫೋಟೋ ತೆಗೆಯೋರನ್ನ ದಾಟ್ಕೊಂಡು ಸೀದಾ ಕೆಂಪೇಗೌಡ ಗೋಪುರ ಇರೋ ಬಂಡೆಗೆ ನಡೀರಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು, ಹೈದರಾಲಿ 1760ರಲ್ಲಿ ಶುರು ಮಾಡಿಸಿದ ತೋಟ ಅದರ ಮುಂದೆ ನಿನ್ನೆ ಮೊನ್ನೆದು. ಬಿಸಿಲೇರೋ ಮುಂಚೆ ಹತ್ತಿ, ಚಪ್ಪಲಿ ಬಿಚ್ಚಿ ಕೂತು, ಫೋನ್ ಸೈಲೆಂಟ್ ಮಾಡಿ ಸುಮ್ನೆ ಊರು ನೋಡ್ತಿರಿ. ಪಕ್ಕದಲ್ಲಿ ವಾಕಿಂಗ್ ಅಂಕಲ್‌ಗಳು ಸೊಸೆ, ಶುಗರ್, ರಾಜಕೀಯ ಎಲ್ಲಾ ಒಂದೇ ಉಸಿರಲ್ಲಿ ಮಾತಾಡ್ತಿರ್ತಾರೆ, ಕೇಳಿಸ್ಕೊಳ್ಳಿ, ಅದಕ್ಕಿಂತ ಒಳ್ಳೆ ಟೈಂಪಾಸ್ ನಂಗಂತೂ ಗೊತ್ತಿಲ್ಲ.

ಹಸಿವಾದ್ರೆ ಗಾಂಧಿ ಬಜಾರ್‌ವರೆಗೂ ನಡ್ಕೊಂಡೇ ಹೋಗಿ. 1943ರಿಂದ ಇರೋ ವಿದ್ಯಾರ್ಥಿ ಭವನದಲ್ಲಿ ವೀಕೆಂಡ್ ರಶ್ ಜಾಸ್ತಿ, ಆದ್ರೆ ಒಬ್ರೇ ಇದ್ರೆ ಯಾವ್ದೋ ಟೇಬಲ್‌ನ ಖಾಲಿ ಸೀಟ್ ಬೇಗ ಸಿಗೋ ಚಾನ್ಸಿದೆ. ಮಸಾಲೆ ದೋಸೆ, ಕಾಫಿ, ಆಮೇಲೆ ಹೂವಿನ ಅಂಗಡಿಗಳ ಕಡೆ ಒಂದು ರೌಂಡು.

ದೋಸೆ ಫೋಟೋನ ಆ ಗ್ರೂಪಿಗೆ ಹಾಕೋದು ಮಾತ್ರ ಮರೀಬೇಡಿ.