ಹವಾಯಿ ಚಪ್ಪಲಿ, ಅಡಿಕೆ ಹಾಳೆ ಮತ್ತು ನಾಲ್ಕು ಅಲಾಯ್ ವೀಲ್

ಕುಂಬಳೆಯಲ್ಲಿ ಕಾರು ಇಟ್ಟುಕೊಂಡವರಿಗೆ ಕಡಲ ಗಾಳಿಯ ಕಾಟ ಗೊತ್ತೇ ಇದೆ. ನನ್ನ ಹಳೆ ಸ್ವಿಫ್ಟ್ ಕಾರಿನ ಅಲ್ಯುಮಿನಿಯಮ್ ರಿಮ್ಮುಗಳಲ್ಲಿ ಕ್ಲಿಯರ್ ಕೋಟಿನ (ಮೇಲಿನ ಪಾರದರ್ಶಕ ಪದರ) ಅಡಿಗೆ ಹುಳ ಹರಿದ ಹಾಗೆ ಬಿಳಿ ಗೆರೆ ಎದ್ದಿತ್ತು. ಅಂಚಿನಲ್ಲಿ ಕಲ್ಲಿಗೆ ಒರೆಸಿದ ಗಾಯ ಬೇರೆ. ಮಂಗಳೂರಲ್ಲಿ ಪೌಡರ್ ಕೋಟಿಂಗಿಗೆ (ಪುಡಿ ಬಣ್ಣ ಹಾಕಿ ಕಾಯಿಸುವುದು) ಕೇಳಿದರೆ ನಾಲ್ಕಕ್ಕೆ ಹತ್ತು ಸಾವಿರದ ಹತ್ತಿರ ಹೇಳಿದರು. ಹಳೆ ಕೋಟ್ ತೆಗೆದು ಕೈಯಲ್ಲೇ ಉಜ್ಜಿ ಹೊಳಪು ತರುತ್ತೇನೆ ಅಂದೆ. ಭಾವ ನಕ್ಕರು. "ಎಂತ ಮಾರಾಯ, ಚೆಂಬು ತಿಕ್ಕಿದ ಹಾಗೆ ಅಂತ ಗ್ರಹಿಸಿದ್ದೀಯಾ?"

ಮೊದಲನೇ ವೀಲನ್ನು ಕೆಡಿಸಿದ್ದು ನಾನೇ. ಪೇಂಟ್ ರಿಮೂವರಿನ ನಾನೂರು ರೂಪಾಯಿ ಉಳಿಸಲು ಕಾಸ್ಟಿಕ್ ಸೋಡಾ ನೀರು ಹಚ್ಚಿದೆ. ಕೋಟ್ ಏಳುವ ಮೊದಲೇ ಗಾಯದ ಜಾಗದಲ್ಲೆಲ್ಲ ಬುಸ್ಸಂತ ನೊರೆ ಬಂತು. ತೊಳೆದು ನೋಡಿದರೆ ಕಪ್ಪು, ಮೇಲಿಂದ ಗುಳಿ. ಎರಡನೆಯದಕ್ಕೆ ಡ್ರಿಲ್ಲಿಗೆ ಕಬ್ಬಿಣದ ತಂತಿ ಬ್ರಶ್ ಸಿಕ್ಕಿಸಿದೆ. ಐದು ನಿಮಿಷದಲ್ಲಿ ಕೆಲಸ ಮುಗಿಯಿತು ಅಂತ ಖುಷಿ. ವಾರದೊಳಗೆ ತುಕ್ಕಿನ ಚುಕ್ಕೆ ಶುರುವಾಯಿತು. ತಂತಿಯ ಚೂರುಗಳು ಅಲ್ಯುಮಿನಿಯಮ್ಮಿನಲ್ಲೇ ಕೂತುಬಿಟ್ಟಿದ್ದವು. ಅದನ್ನು ತೆಗೆಯಲು ಎರಡು ಭಾನುವಾರ ಹೋಯಿತು.

ಆಮೇಲೆ ಮರ್ಯಾದೆಯಿಂದ ರಿಮೂವರ್ ತಂದೆ, ಪಂಕ್ಚರ್ ಅಂಗಡಿಯಲ್ಲಿ ಟಯರ್ ಬಿಚ್ಚಿಸಿದೆ. ಗಾಯಕ್ಕೆ ಮಾತ್ರ ಅರ ಮತ್ತು 220ರ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ, ನಂಬರ್ ಏರಿದಷ್ಟೂ ನುಣುಪು). ಉಳಿದ ಕಡೆ 320ರಿಂದ 2000ದವರೆಗೆ, ಸೋಪು ನೀರಲ್ಲಿ. ಪ್ರತಿ ನಂಬರಿಗೂ ಉಜ್ಜುವ ದಿಕ್ಕು ಬದಲಿಸಬೇಕು, ಆಗಲೇ ಹಿಂದಿನ ಗೆರೆ ಉಳಿದದ್ದು ಕಾಣುವುದು. ನಾನು ಅವಸರಕ್ಕೆ 600 ಹಾರಿಸಿದ್ದೆ. ಬ್ರಾಸೋ ಪಾಲಿಶ್ ಹಾಕಿ ತಿಕ್ಕಿ ಬಿಸಿಲಿಗೆ ಹಿಡಿದರೆ 400ರ ಗೆರೆಗಳು ಸಾಲಾಗಿ ಕೂತಿದ್ದವು! ವಾಪಸು 400ಕ್ಕೆ.

ಪೇಪರನ್ನು ಬರೀ ಬೆರಳಲ್ಲಿ ಹಿಡಿದರೆ ಬೆರಳಿನ ಹಳ್ಳ ಬೀಳುತ್ತದೆ. ಸವೆದ ಹವಾಯಿ ಚಪ್ಪಲಿಯನ್ನು ಬೆಂಕಿಪೊಟ್ಟಣದಷ್ಟು ಕತ್ತರಿಸಿ ಅದಕ್ಕೆ ಪೇಪರ್ ಸುತ್ತಿದೆ. ಸ್ಪೋಕಿನ ಸಂದಿಗೆ ಅದೂ ಹೋಗುವುದಿಲ್ಲ. ಅಲ್ಲಿಗೆ ಅಡಿಕೆ ಹಾಳೆಯ ಪಟ್ಟಿ. ಅರ್ಧ ಗಂಟೆ ನೀರಲ್ಲಿ ನೆನೆಸಿದರೆ ಸ್ಪೋಕಿನ ತಿರುವಿಗೆ ಸರಿಯಾಗಿ ಬಗ್ಗುತ್ತದೆ, ಆದರೆ ಕುಸಿಯುವುದಿಲ್ಲ. ಇದು ನನ್ನದೇ ತಲೆ, ಯಾರೂ ಹೇಳಿಕೊಟ್ಟದ್ದಲ್ಲ.

ನಡುವೆ ಬಿಂಬುಳಿ ಎಂಬ ಹುಳಿ ಕಾಯಿಯ ರಸವನ್ನೂ ಹಚ್ಚಿ ನೋಡಿದೆ. ಹಿತ್ತಾಳೆ ದೀಪ ಬೆಳಗುತ್ತದಲ್ವಾ, ಇದೂ ಬೆಳಗಲಿ ಅಂತ. ಕೊಳೆ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಸುಮ್ನೆ ಬಿಂಬುಳಿ ಹಾಳು, ಉಪ್ಪಿನಕಾಯಿಗಾದರೂ ಆಗುತ್ತಿತ್ತು.

ಮುಗಿದ ಎರಡಕ್ಕೆ ಮೊದಲು ಕ್ಲಿಯರ್ ಸ್ಪ್ರೇ ಹೊಡೆದಿದ್ದೆ. ಕನ್ನಡಿಯಂಥ ನುಣುಪಿಗೆ ಅದು ಹಿಡಿಯಲೇ ಇಲ್ಲ, ಆಟಿಯ ಮಳೆಗೆ ಅಂಚಿನಿಂದ ಸುಲಿದು ಬಂತು. ಈಗ ಬರೀ ವ್ಯಾಕ್ಸ್. ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಮೂರು ವಾರಕ್ಕೊಮ್ಮೆ. ವ್ಯಾಕ್ಸಿಗೆ ಮೊದಲು ಹಳೆ ಪಂಚೆಯ ತುಂಡಲ್ಲಿ ಒಂದು ಒಣ ಪುಡಿ ಹಾಕಿ ಒರೆಸುತ್ತೇನೆ. ಅದು ಯಾವ ಪುಡಿ ಅಂತ ಭಾವನಿಗೂ ಹೇಳಿಲ್ಲ.

ಪೇಪರ್, ರಿಮೂವರ್, ಬ್ರಾಸೋ, ಟಯರ್ ಬಿಚ್ಚಿ ಹಾಕಿ ಬ್ಯಾಲೆನ್ಸಿಂಗ್ ಎಲ್ಲ ಸೇರಿ ಎರಡೂವರೆ ಸಾವಿರ ದಾಟಿರಲಿಕ್ಕಿಲ್ಲ. ಒಂದೊಂದಕ್ಕೆ ಹತ್ತು ಹನ್ನೆರಡು ಗಂಟೆ. ಮೊದಲನೆಯದಕ್ಕೆ ಅದರ ದುಪ್ಪಟ್ಟು ಹೋದರೂ ಕಾಸ್ಟಿಕ್ಕಿನ ಗುಳಿ ಪೂರ್ತಿ ಹೋಗಲಿಲ್ಲ. ಅದನ್ನು ಎಡಗಡೆ ಹಿಂದಕ್ಕೆ ಹಾಕಿದ್ದೇನೆ. ಮನೆಯಲ್ಲಿ ಕಾರು ನಿಲ್ಲಿಸಿದರೆ ಆ ಬದಿ ಗೋಡೆಗೆ ಬರುತ್ತದೆ.