ಹಿತ್ತಲಿನ ಪೊಸಮ್ ಮತ್ತು ಕೋಸಂಬರಿಯ ಕೊತ್ತಂಬರಿ

ಸಿಡ್ನಿಗೆ ಬಂದ ಹೊಸತರಲ್ಲಿ ರಾತ್ರಿ ಸೂರಿನ ಮೇಲೆ ದಡಬಡ ಸದ್ದು ಕೇಳಿದರೆ ಗಾಬರಿಯಾಗಬೇಡಿ. ಅದು ಪೊಸಮ್. ಕಾಂಗರೂ ಥರ ಹೊಟ್ಟೆಚೀಲದಲ್ಲಿ ಮರಿ ಸಾಕುವ ಪ್ರಾಣಿ. ನಿಮ್ಮ ಕರಿಬೇವಿನ ಚಿಗುರು ತಿಂದರೂ ಬೋನು ಇಡಬೇಡಿ. ಲೈಸೆನ್ಸ್ ಇಲ್ಲದೆ ಹಿಡಿಯುವುದು ಇಲ್ಲಿ ಅಪರಾಧ.

"ಅದರ ಹಿಕ್ಕೆಯಿಂದ ಮಕ್ಕಳಿಗೆ ಹುಳ ಆಗುತ್ತಾ?" ಅಂತ ತುಂಬಾ ಜನ ಕೇಳುತ್ತಾರೆ. ಪೊಸಮ್ ಕರುಳಿನಲ್ಲಿ ಲಾಡಿಹುಳ ಇರುವುದು ನಿಜ. ಅದರ ಮೊಟ್ಟೆಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ತಿನ್ನುತ್ತದೆ. ಆ ನುಸಿ ಎಲೆಯ ಜೊತೆ ಮತ್ತೆ ಪೊಸಮ್ ಹೊಟ್ಟೆ ಸೇರುತ್ತದೆ. ಮನುಷ್ಯರಿಗೆ ಅದು ಬರುವುದು ತೀರಾ ಅಪರೂಪ. ಗ್ಲೌಸ್ ಹಾಕಿ ಹಿಕ್ಕೆ ತೆಗೆಯಿರಿ, ಸೋಪು ಹಚ್ಚಿ ಕೈ ತೊಳೆಯಿರಿ.

ನನಗೆ ನಿಜಕ್ಕೂ ಭಯ ಇರುವುದು ಇಲಿಯ ಹುಳದ್ದು. ಇಲ್ಲಿನವರು ರ್‍ಯಾಟ್ ಲಂಗ್‌ವರ್ಮ್ ಅನ್ನುತ್ತಾರೆ. ಬೆಳೆದ ಹುಳ ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿರುತ್ತದೆ. ಮರಿಹುಳಗಳು ಇಲಿ ಹಿಕ್ಕೆಯಲ್ಲಿ ಹೊರಬಂದು ಬಸವನಹುಳದ, ಸ್ಲಗ್‌ನ ಮೈ ಸೇರುತ್ತವೆ. ಸ್ಲಗ್ ಅಂದರೆ ಚಿಪ್ಪಿಲ್ಲದ ಬಸವನಹುಳ. ಅದನ್ನು ನಾಯಿಯೋ, ಪೊಸಮ್ಮೋ, ನಾವೋ ನುಂಗಿದರೆ ಮರಿಹುಳಗಳು ಮಿದುಳು, ಬೆನ್ನುಹುರಿಗೆ ಹೋಗುತ್ತವೆ. ಸಿಡ್ನಿಯಲ್ಲಿ ಇದರಿಂದ ಜೀವ ಹೋಗಿದ್ದೂ ಇದೆ.

ಒಂದು ಬೆಳಗ್ಗೆ ನಮ್ಮ ಬೇಲಿ ಪಕ್ಕ ಪೊಸಮ್ ಒಂದು ಹಿಂಗಾಲು ಎಳೆದುಕೊಂಡು ತೆವಳುತ್ತಿತ್ತು. ರಾತ್ರಿ ಓಡಾಡುವ ಪ್ರಾಣಿ ಹಗಲಲ್ಲಿ ನೆಲದ ಮೇಲಿದ್ದರೆ ಏನೋ ಆಗಿದೆ ಅಂತಲೇ ಅರ್ಥ. ಪೆಟ್ಟು ಬಿದ್ದಿರಬಹುದು, ಈ ಹುಳವೂ ಇರಬಹುದು. ಮುಟ್ಟಬೇಡಿ. ವನ್ಯಜೀವಿ ರಕ್ಷಣೆಯ ವೈರ್ಸ್ ಸಂಸ್ಥೆಗೆ ಫೋನ್ ಮಾಡಿ. ನಾವೂ ಮಾಡಿದೆವು. ಟವೆಲ್‌ನಲ್ಲಿ ಮೆಲ್ಲಗೆ ಸುತ್ತಿ ಕರೆದುಕೊಂಡು ಹೋದರು. ಅದರ ಕಣ್ಣು ನನಗೆ ಇನ್ನೂ ನೆನಪಿದೆ.

ಅಂದಿನಿಂದ ನಮ್ಮನೆಯಲ್ಲಿ ಸೊಪ್ಪು ತೊಳೆಯುವ ರೀತಿಯೇ ಬದಲಾಯಿತು. ಯುಗಾದಿ, ರಾಮನವಮಿ ಬರುವ ಹೊತ್ತಿಗೆ ಇಲ್ಲಿ ಮಳೆ ಜಾಸ್ತಿ, ಸ್ಲಗ್‌ಗಳೂ ಜಾಸ್ತಿ. ಕೋಸಂಬರಿಗೆ, ಪುದೀನ ಚಟ್ನಿಗೆ ನಾವು ಸೊಪ್ಪನ್ನು ಹಸಿಯಾಗಿಯೇ ಹಾಕುತ್ತೇವೆ ಅಲ್ವಾ? ಕಟ್ಟನ್ನು ಸುಮ್ನೆ ನೀರಲ್ಲಿ ಅದ್ದಿ ತೆಗೆದರೆ ಸಾಲದು. ಕಡ್ಡಿ ಕಡ್ಡಿ ಬಿಡಿಸಿ, ಹರಿಯುವ ನೀರಲ್ಲಿ ಬೆರಳಾಡಿಸಿ ತೊಳೆಯಿರಿ. ಅಕ್ಕಿಕಾಳಿನಷ್ಟು ಸ್ಲಗ್ ಎಲೆಯ ಬುಡಕ್ಕೆ ಅಂಟಿಕೊಂಡಿದ್ದನ್ನು ನಾನೇ ಕಂಡಿದ್ದೇನೆ. ಚೆನ್ನಾಗಿ ಬೇಯಿಸಿದರೆ ಹುಳ ಸಾಯುತ್ತದೆ, ಹುಳಿ, ಪಲ್ಯಕ್ಕೆ ಚಿಂತೆಯಿಲ್ಲ.

ಅಂಬೆಗಾಲಿಡುವ ಮಗುವನ್ನು ಹುಲ್ಲಿನ ಮೇಲೆ ಒಂಟಿಯಾಗಿ ಬಿಡಬೇಡಿ, ಸಿಕ್ಕಿದ್ದು ಬಾಯಿಗೆ ಹೋಗುತ್ತದೆ. ಮಗು ಸ್ಲಗ್ ಬಾಯಿಗೆ ಹಾಕಿಕೊಂಡರೆ ಅಂದೇ ಡಾಕ್ಟರ್ ಹತ್ತಿರ ಹೋಗಿ. ದೊಡ್ಡವರಿಗೂ ಜೋರು ತಲೆನೋವು, ಕುತ್ತಿಗೆ ಬಿಗಿತ, ಚರ್ಮದಲ್ಲಿ ಜುಮುಜುಮು ಬಂದರೆ ಕಾಯಬೇಡಿ. ಹಿತ್ತಲಿನ ಹಸಿ ಸೊಪ್ಪು ತಿಂದಿದ್ದೇವೆ ಅನ್ನುವುದನ್ನು ನೀವಾಗಿಯೇ ಡಾಕ್ಟರ್‌ಗೆ ಹೇಳಿ.